‘ನೋಡು’ ಎಂಬ ಒಂದು ಮಾತು, ಇಂಗ್ಲಿಷಿನ ಹಲವು ನೋಟ

(ಶಾಲೆಯ ಸುವರ್ಣ ಮಹೋತ್ಸವದ ಗೋಷ್ಠಿಯಲ್ಲಿ ಹಳೆಯ ವಿದ್ಯಾರ್ಥಿಯೊಬ್ಬರು ಮಾಡಿದ ಭಾಷಣದ ಬರಹ ರೂಪ)



ಸಮಿತಿಯವರು ನನಗೆ ಕೊಟ್ಟ ವಿಷಯ ‘ಸರ್ಕಾರಿ ಶಾಲೆಯ ಮಕ್ಕಳು ಮತ್ತು ಇಂಗ್ಲಿಷ್’. ಬಹಳ ದೊಡ್ಡ ವಿಷಯ. ಈ ಬಗ್ಗೆ ಸಲಹೆ ಕೊಡುವವರು ನಾಡಿನಲ್ಲಿ ಬೇಕಾದಷ್ಟು ಜನ ಇದ್ದಾರೆ. ನಾನು ಕಾಲೇಜಿನಲ್ಲಿ ಇಂಗ್ಲಿಷ್ ಪಾಠ ಹೇಳುತ್ತ ಬಂದವನು. ಆದ್ದರಿಂದ ಸಲಹೆಯ ಬದಲು ಒಂದು ಸಣ್ಣ ಪಾಠವನ್ನೇ ಮಾಡಿಬಿಡುತ್ತೇನೆ. ಒಂದೇ ಒಂದು ಕ್ರಿಯಾಪದದ ಪಾಠ. ಆ ಕ್ರಿಯಾಪದ ನಮ್ಮ ‘ನೋಡು’. ಅದಕ್ಕೆ ಇಂಗ್ಲಿಷಿನಲ್ಲಿ ಏನನ್ನುತ್ತಾರೆ? ಮಕ್ಕಳೇ, ಹೇಳಿ. ಒಬ್ಬರು ‘ಸೀ’ ಅಂದರು. ಇನ್ನೊಬ್ಬರು ‘ಲುಕ್’. ಹಿಂದಿನಿಂದ ‘ವಾಚ್’ ಅಂತ ಬಂತು. ಮೂರೂ ಸರಿ. ಹಾಗಾದರೆ ಮೂರಕ್ಕೂ ವ್ಯತ್ಯಾಸ ಏನು? ಈಗ ಯಾರೂ ಕೈ ಎತ್ತುತ್ತಿಲ್ಲ.

ಕೈ ಎತ್ತದಿರುವುದು ನಿಮ್ಮ ತಪ್ಪಲ್ಲ. ನಾವೆಲ್ಲ ಇಂಗ್ಲಿಷ್ ಕಲಿತದ್ದು ‘ಕಠಿಣ ಪದಗಳ ಅರ್ಥ’ ಬರೆದುಕೊಂಡು. ನೋಟ್ಸಿನ ಹಾಳೆಗೆ ನಡುವೆ ಒಂದು ಗೆರೆ. ಎಡಗಡೆ ಇಂಗ್ಲಿಷ್ ಪದ, ಬಲಗಡೆ ಕನ್ನಡ ಪದ. ಸೀ ಅಂದರೆ ನೋಡು, ಲುಕ್ ಅಂದರೆ ನೋಡು, ವಾಚ್ ಅಂದರೆ ನೋಡು. ನಲವತ್ತು ನಿಮಿಷದ ಒಂದು ಪೀರಿಯಡ್ಡಿನಲ್ಲಿ ಪಾಠ ಮುಗಿಸಿ, ಪ್ರಶ್ನೋತ್ತರ ಬರೆಸಬೇಕಾದ ಮೇಷ್ಟ್ರು ಇದಕ್ಕಿಂತ ಹೆಚ್ಚು ಹೇಗೆ ಮಾಡಿಯಾರು? ಈ ಶಾಲೆಯ ಮೊದಮೊದಲ ತಂಡದವರು ಎಬಿಸಿಡಿ ಕಂಡದ್ದೇ ಐದನೆಯ ತರಗತಿಯಲ್ಲಿ. ಅಂಥವರನ್ನು ಹತ್ತನೆಯ ತರಗತಿ ದಾಟಿಸಿದ್ದು ಇದೇ ಎರಡು ಕಾಲಮ್ಮಿನ ನೋಟ್ಸು. ಅದರ ಋಣ ನನ್ನ ಮೇಲೂ ಇದೆ. ಆದರೆ ಶಾಲೆಯ ಹೊರಗೆ ಕಾಲಿಟ್ಟ ದಿನದಿಂದ ಅದು ಕೈ ಕೊಡಲು ಶುರುಮಾಡುತ್ತದೆ.

ಒಂದು ಉದಾಹರಣೆ ಕೊಡುತ್ತೇನೆ. ಮನೆಯಲ್ಲಿ ಅಣ್ಣನಿಗೆ ಹೆಣ್ಣು ನೋಡುತ್ತಿದ್ದಾರೆ. ಅದನ್ನು ಪಟ್ಟಣದ ಕಚೇರಿಯಲ್ಲಿ ಇಂಗ್ಲಿಷಿನಲ್ಲಿ ಹೇಳಬೇಕು. ‘ಮೈ ಬ್ರದರ್ ಈಸ್ ಸೀಯಿಂಗ್ ಎ ಗರ್ಲ್’ ಅಂದುಬಿಟ್ಟರೆ, ಅಣ್ಣ ಆಗಲೇ ಒಂದು ಹುಡುಗಿಯ ಜೊತೆ ಓಡಾಡಿಕೊಂಡಿದ್ದಾನೆ ಎಂದು ಅರ್ಥ. (ನಗು) ವ್ಯಾಕರಣದಲ್ಲಿ ಒಂದಕ್ಷರ ತಪ್ಪಿಲ್ಲ, ನೋಟ್ಸಿನ ಪ್ರಕಾರ ಪದವೂ ಸರಿ. ‘ಲುಕಿಂಗ್ ಫಾರ್’ ಅಂದಿದ್ದರೆ ಅಣ್ಣನ ಮಾನ ಉಳಿಯುತ್ತಿತ್ತು.

ಇದು ನಗುವ ಮಾತಾಯಿತು. ನಗಲಾಗದ ಜಾಗವೂ ಇದೆ. ನಮ್ಮ ಹಳ್ಳಿಗಳಿಂದ ಎಷ್ಟೋ ಹೆಣ್ಣುಮಕ್ಕಳು ನರ್ಸಿಂಗ್ ಓದಿ ದೊಡ್ಡ ಆಸ್ಪತ್ರೆಗಳಿಗೆ ಹೋಗುತ್ತಾರೆ. ಅಲ್ಲಿ ವೈದ್ಯರು ‘ಲುಕ್ ಅಟ್ ದಿ ಪೇಷಂಟ್’ ಅಂದರೆ ಒಮ್ಮೆ ಹೋಗಿ ನೋಡು ಎಂದು. ‘ವಾಚ್ ದಿ ಪೇಷಂಟ್’ ಅಂದರೆ ಅಲ್ಲೇ ಇರು, ಕಣ್ಣು ತೆಗೆಯಬೇಡ, ಏನಾದರೂ ಬದಲಾದರೆ ಕೂಡಲೇ ತಿಳಿಸು ಎಂದು. ‘ಲುಕ್ ಆಫ್ಟರ್ ದಿ ಪೇಷಂಟ್’ ಅಂದರೆ ಊಟ, ಔಷಧಿ, ಆರೈಕೆ ಎಲ್ಲ ನಿನ್ನ ಹೊಣೆ ಎಂದು. ಮೂರಕ್ಕೂ ‘ರೋಗಿಯನ್ನು ನೋಡು’ ಎಂದು ಬರೆದುಕೊಂಡ ಹುಡುಗಿ ಒಮ್ಮೆ ನೋಡಿ ಬಂದು ಸುಮ್ಮನಾದರೆ, ಅದು ಒಂದು ಜೀವದ ಪ್ರಶ್ನೆ.

ಈಗ ಮುಖ್ಯ ಮಾತಿಗೆ ಬರುತ್ತೇನೆ. ಈ ವ್ಯತ್ಯಾಸಗಳನ್ನು ಕಲಿಯಲು ನಮ್ಮ ಮಕ್ಕಳು ಕನ್ನಡವನ್ನು ಬಿಡಬೇಕಾಗಿಲ್ಲ. ಇವುಗಳಲ್ಲಿ ಮುಕ್ಕಾಲು ಪಾಲು ಅವರ ಬಾಯಲ್ಲಿ ಆಗಲೇ ಇದೆ.

ನಮ್ಮಲ್ಲಿ ‘ನೋಡು’ ಒಂದೇ ಇಲ್ಲ, ‘ಕಾಣು’ ಕೂಡ ಇದೆ. ಕಣ್ಣಿಗೆ ಪೊರೆ ಬಂದ ಅಜ್ಜಿ ಏನೆನ್ನುತ್ತಾಳೆ? ‘ಕಣ್ಣು ಕಾಣಲ್ಲ ಕಣಪ್ಪ’ ಅನ್ನುತ್ತಾಳೆ. ‘ಕಣ್ಣು ನೋಡಲ್ಲ’ ಎಂದು ಯಾವ ಅಜ್ಜಿಯೂ ಹೇಳಿದ್ದಿಲ್ಲ. ದನ ತಪ್ಪಿಸಿಕೊಂಡಾಗ ಹುಡುಕಲು ಹೋದವನು ಬಂದು, ‘ಕೆರೆ ಹಿಂದೆಲ್ಲ ನೋಡಿದೆ, ಎಲ್ಲೂ ಕಾಣಲಿಲ್ಲ’ ಅನ್ನುತ್ತಾನೆ. ನೋಡುವುದು ನಾವು ಮಾಡುವ ಕೆಲಸ. ಕಾಣುವುದು ತಾನಾಗಿ ಆಗುವಂಥದ್ದು. ಇಂಗ್ಲಿಷಿನ ‘ಲುಕ್’ ಮತ್ತು ‘ಸೀ’ ನಡುವಿನ ವ್ಯತ್ಯಾಸ ಇದೇ. ‘ಐ ಲುಕ್ಡ್, ಬಟ್ ಐ ಡಿಡ್ ನಾಟ್ ಸೀ ಇಟ್’ ಎಂಬ ವಾಕ್ಯ ಆ ದನ ಹುಡುಕಿದವನ ಬಾಯಿಂದಲೇ ಬಂದ ಹಾಗಿದೆ.

ಕನ್ನಡ ಇಲ್ಲಿ ಇಂಗ್ಲಿಷಿಗಿಂತ ಒಂದು ಹೆಜ್ಜೆ ಮುಂದೆ ಹೋಗುತ್ತದೆ. ‘ನಾನು ಬಸ್ಸನ್ನು ನೋಡುತ್ತಿದ್ದೇನೆ’ ಅನ್ನುವಾಗ ಕೆಲಸ ನನ್ನದು, ಅದಕ್ಕೇ ‘ನಾನು’. ‘ನನಗೆ ಬಸ್ಸು ಕಾಣುತ್ತಿದೆ’ ಅನ್ನುವಾಗ ನಾನು ಏನೂ ಮಾಡುತ್ತಿಲ್ಲ, ಬಸ್ಸೇ ಬಂದು ಕಣ್ಣಿಗೆ ಬೀಳುತ್ತಿದೆ, ಅದಕ್ಕೇ ‘ನನಗೆ’. ವಿಭಕ್ತಿ ಪ್ರತ್ಯಯವೇ ಗುಟ್ಟನ್ನು ಹೇಳಿಬಿಡುತ್ತದೆ. ಇಂಗ್ಲಿಷಿನವರು ಎರಡು ಕಡೆಯೂ ‘ಐ’ ಎಂದೇ ಹೇಳುತ್ತಾರೆ. ಆದರೆ ಅವರಿಗೂ ಆ ವ್ಯತ್ಯಾಸ ಗೊತ್ತಿದೆ. ಆದ್ದರಿಂದಲೇ ‘ಐ ಆಮ್ ಲುಕಿಂಗ್ ಅಟ್ ದಿ ಬಸ್’ ಅನ್ನುತ್ತಾರೆ, ‘ಐ ಆಮ್ ಸೀಯಿಂಗ್ ದಿ ಬಸ್’ ಅನ್ನುವುದಿಲ್ಲ. ‘ಐ ಕ್ಯಾನ್ ಸೀ ದಿ ಬಸ್’ ಅನ್ನುತ್ತಾರೆ. ವ್ಯಾಕರಣ ಪುಸ್ತಕದಲ್ಲಿ ‘ಸೀ’ ಪದಕ್ಕೆ ಸಾಮಾನ್ಯವಾಗಿ ಐಎನ್‌ಜಿ ಹಚ್ಚಬಾರದು ಎಂದು ಒಂದು ನಿಯಮ ಇರುತ್ತದೆ. ಮಕ್ಕಳು ಅದನ್ನು ಬಾಯಿಪಾಠ ಮಾಡಿ ಮರೆಯುತ್ತಾರೆ. ‘ನನಗೆ ಕಾಣುತ್ತದೆ ಅನ್ನುವ ಕಡೆ ಸೀ, ನಾನು ನೋಡುತ್ತೇನೆ ಅನ್ನುವ ಕಡೆ ಲುಕ್’ ಎಂದು ಒಮ್ಮೆ ಹೇಳಿನೋಡಿ, ಮರೆಯುವುದಿಲ್ಲ.

ಇನ್ನೊಂದು ‘ಕಾಣು’ ಇದೆ. ‘ಹೆಡ್‌ಮಾಸ್ಟರನ್ನು ಕಂಡು ಬಾ’, ‘ಡಾಕ್ಟರನ್ನು ಕಾಣಬೇಕು’. ಹೋಗಿ ಭೇಟಿಯಾಗು ಎಂದು ಅರ್ಥ. ಇಂಗ್ಲಿಷಿನಲ್ಲೂ ಇಲ್ಲಿ ‘ಸೀ’ಯೇ. ‘ಸೀ ಎ ಡಾಕ್ಟರ್’. ಸುಮ್ಮನೆ ‘ಲುಕ್ ಅಟ್ ಎ ಡಾಕ್ಟರ್’ ಮಾಡಿ ಬಂದರೆ ಜ್ವರ ಬಿಡುವುದಿಲ್ಲ. ಹಿಂದೆ ದೊಡ್ಡವರನ್ನು ಕಾಣಲು ಹೋಗುವಾಗ ಬರಿಗೈಯಲ್ಲಿ ಹೋಗುತ್ತಿರಲಿಲ್ಲ. ಹಾಗೆ ಕೊಟ್ಟದ್ದೇ ‘ಕಾಣಿಕೆ’. ಕುಂದಾಪುರದ ಕಡೆಯ ನಮ್ಮ ಬಂಧುಗಳು ನೋಡು ಅನ್ನುವ ಕಡೆಯಲ್ಲೂ ‘ಕಾಣಿ’ ಎಂದೇ ಹೇಳುತ್ತಾರೆ. ಒಂದೇ ಕನ್ನಡದೊಳಗೆ ಊರಿಂದ ಊರಿಗೆ ಪದದ ಬೇಲಿ ಹೀಗೆ ಸರಿದಾಡುತ್ತದೆ. ಎರಡು ಭಾಷೆಗಳ ನಡುವೆ ಅದು ಸರಿಯಾಗಿ ಕೂಡಿ ಬರಬೇಕೆಂದು ಹಟ ಹಿಡಿಯುವ ಹಾಗಿಲ್ಲ.

ಕೂಡಿ ಬಾರದ ಕಡೆಗಳನ್ನೂ ಹೇಳಿಬಿಡುತ್ತೇನೆ. ನಾವು ಕನಸು ‘ಕಾಣುತ್ತೇವೆ’. ಇಂಗ್ಲಿಷಿನವರು ಕನಸನ್ನು ‘ಹ್ಯಾವ್’ ಮಾಡುತ್ತಾರೆ, ‘ಐ ಹ್ಯಾಡ್ ಎ ಡ್ರೀಮ್’. ‘ಮಳೆ ಬರುವ ಹಾಗೆ ಕಾಣುತ್ತದೆ’ ಎಂದು ನಾವು ಅಂದರೆ ಅವರು ‘ಲುಕ್ಸ್ ಲೈಕ್ ರೇನ್’ ಅನ್ನುತ್ತಾರೆ. ಇಲ್ಲಿ ನಮ್ಮ ಕಾಣು ಹೋಗಿ ಅವರ ಲುಕ್ ಆಯಿತು. ನಾವು ‘ತಿಂದು ನೋಡು’, ‘ಕೇಳಿ ನೋಡು’, ‘ಮಾಡಿ ನೋಡು’ ಅನ್ನುತ್ತೇವೆ. ಅಲ್ಲಿ ಕಣ್ಣಿಗೆ ಕೆಲಸವೇ ಇಲ್ಲ, ಪ್ರಯತ್ನಿಸು ಎಂದು ಅರ್ಥ. ಹಾಗಾಗಿ ‘ಟ್ರೈ’ ಅನ್ನಬೇಕು. ‘ಈಟ್ ಅಂಡ್ ಸೀ’ ಅಂದರೆ ಇಂಗ್ಲಿಷಿನವನು ತಟ್ಟೆಯಲ್ಲಿ ಏನು ಕಾಣುತ್ತದೋ ಎಂದು ಬಗ್ಗಿ ನೋಡಿಯಾನು. ‘ನನ್ನನ್ನು ನೋಡಿ ನಕ್ಕ’ ಎಂಬುದನ್ನು ‘ಹೀ ಲಾಫ್ಡ್ ಅಟ್ ಮಿ’ ಎಂದು ಬರೆದರೆ ಆತ ಗೇಲಿ ಮಾಡಿದ ಎಂದಾಗುತ್ತದೆ. ಪ್ರೀತಿಯಿಂದ ನಕ್ಕಿದ್ದರೆ ‘ಸ್ಮೈಲ್ಡ್’. ಇಂಥ ಕಡೆ ಎಚ್ಚರ ಬೇಕು. ಎಲ್ಲಿ ಕೂಡುತ್ತದೆ, ಎಲ್ಲಿ ಕೂಡುವುದಿಲ್ಲ ಎಂದು ಎರಡೂ ಭಾಷೆ ಇಟ್ಟುಕೊಂಡು ಹೋಲಿಸುವವನಿಗೆ ಮಾತ್ರ ಆ ಎಚ್ಚರ ಬರುತ್ತದೆ.

ಇನ್ನು ‘ವಾಚ್’. ಈ ಪದ ‘ವೇಕ್’, ಅಂದರೆ ಎಚ್ಚರವಾಗಿರು ಎಂಬ ಪದದ ಒಡಹುಟ್ಟು. ವಾಚ್‌ಮನ್ ಅಂದರೆ ಎಚ್ಚರವಾಗಿದ್ದು ಕಾಯುವವನು. ನಮ್ಮ ‘ಕಾಯು’ ಇದಕ್ಕೆ ಬಹಳ ಹತ್ತಿರ. ಜೋಳದ ಹೊಲ ಕಾಯುವವನು ಮಂಚಿಗೆ ಹತ್ತಿ ಕುಳಿತು ಮಾಡುವ ಕೆಲಸವೇ ವಾಚ್. ಹಕ್ಕಿ ಯಾವಾಗ ಬಂದು ಕೂತೀತೋ ಎಂದು ಅವನ ಕಣ್ಣು ಹೊಲದ ಮೇಲೇ ಇರುತ್ತದೆ. ಒಲೆಯ ಮೇಲೆ ಹಾಲಿಟ್ಟು ಅಮ್ಮ ‘ಹಾಲು ನೋಡ್ತಿರು’ ಅನ್ನುವಳಲ್ಲ, ಅದೂ ವಾಚ್. ಮುಂದೆ ಏನೋ ಆಗಲಿದೆ, ಅದಕ್ಕಾಗಿ ನೋಡುತ್ತಿರು ಎಂಬ ಭಾವ ಅದರಲ್ಲಿದೆ. ಕ್ರಿಕೆಟ್, ಟೀವಿ, ಕಬಡ್ಡಿ ಇವಕ್ಕೆ ‘ವಾಚ್’ ಬರುವುದು ಈ ಕಾರಣಕ್ಕೇ. ಗೋಡೆಯ ಮೇಲಿನ ಫೋಟೊವನ್ನು ಯಾರೂ ವಾಚ್ ಮಾಡುವುದಿಲ್ಲ. ಅದು ಏನೂ ಮಾಡುವುದಿಲ್ಲವಲ್ಲ! ಅದಕ್ಕೆ ‘ಲುಕ್ ಅಟ್’ ಸಾಕು.

ನೋಟದ ಬಗೆಗಳೂ ಇವೆ. ಬಾಗಿಲ ಸಂದಿಯಿಂದ ಇಣುಕುವುದು ‘ಪೀಪ್’. ಪೇಪರಿನ ಮೇಲೆ ಕಣ್ಣು ಹಾಯಿಸುವುದು ‘ಗ್ಲಾನ್ಸ್’. ತೇರಿನ ಜನಜಂಗುಳಿಯಲ್ಲಿ ಯಾರದೋ ಮುಖ ಮಿಂಚಿ ಮರೆಯಾದರೆ ‘ಗ್ಲಿಂಪ್ಸ್’. ಎವೆಯಿಕ್ಕದೆ ಮೈಮರೆತು ನೋಡುವುದು ‘ಗೇಜ಼್’, ಹೊಸಬರನ್ನು ಮಿಕಿಮಿಕಿ ನೋಡುವುದು ‘ಸ್ಟೇರ್’, ಕೆಂಗಣ್ಣು ಬಿಟ್ಟು ದುರುಗುಟ್ಟುವುದು ‘ಗ್ಲೇರ್’. ಸೂಜಿಗೆ ದಾರ ಪೋಣಿಸುವಾಗ ಅಜ್ಜಿ ಕಣ್ಣು ಕಿರಿದು ಮಾಡಿ ನೋಡುವುದು ‘ಪಿಯರ್’. ಗೇಜ಼್ ಮತ್ತು ಸ್ಟೇರ್ ಎರಡರಲ್ಲೂ ದಿಟ್ಟಿಸಿ ನೋಡುವುದು ಇದೆ. ಚಂದ್ರನನ್ನು ನೋಡಿದರೆ ಗೇಜ಼್. ಬಸ್ಸಿನಲ್ಲಿ ಎದುರಿಗೆ ಕೂತ ಹೆಣ್ಣುಮಗಳಿಗೆ ಮುಜುಗರವಾಗುವ ಹಾಗೆ ನೋಡಿದರೆ ಸ್ಟೇರ್. ಪದದಲ್ಲಿ ನೋಡುವವನ ಮನಸ್ಸೂ ಸೇರಿರುತ್ತದೆ.

ಆಮೇಲೆ ಪದಕ್ಕೆ ಅಂಟುವ ಸಣ್ಣ ತುಣುಕುಗಳು. ನಾವು ‘ನೋಡಿಕೊ’ ಅಂದಾಗ ಜೋಪಾನ ಮಾಡು ಎಂದಾಗುತ್ತದೆ, ‘ಎದುರು ನೋಡು’ ಅಂದಾಗ ಕಾತರದಿಂದ ಕಾಯಿ ಎಂದಾಗುತ್ತದೆ, ‘ಕೀಳಾಗಿ ನೋಡು’ ಅಂದಾಗ ತಿರಸ್ಕಾರ. ಇಂಗ್ಲಿಷಿನಲ್ಲಿ ಈ ಕೆಲಸವನ್ನು ಆಫ್ಟರ್, ಫಾರ್ವರ್ಡ್, ಡೌನ್ ಮಾಡುತ್ತವೆ. ಲುಕ್ ಆಫ್ಟರ್, ಲುಕ್ ಫಾರ್ವರ್ಡ್ ಟು, ಲುಕ್ ಡೌನ್ ಆನ್. ಇವುಗಳಲ್ಲಿ ನಮ್ಮ ಊರಿಗೆ ಚೆನ್ನಾಗಿ ಗೊತ್ತಿರುವ ಒಂದು ಜೋಡಿ ಇದೆ. ರಸ್ತೆ ಕಾಮಗಾರಿಗೆ ಬರುವ ‘ಓವರ್‌ಸಿಯರ್’ ಯಾರು? ಓವರ್ ಅಂದರೆ ಮೇಲೆ, ಸೀ ಅಂದರೆ ನೋಡು. ಮೇಲೆ ನಿಂತು ನೋಡುವವನು, ಮೇಲ್ವಿಚಾರಕ. ‘ಓವರ್‌ಲುಕ್’ ಅಂದರೆ? ಕಣ್ತಪ್ಪಿ ಬಿಡುವುದು, ಅಥವಾ ನೋಡಿಯೂ ನೋಡದ ಹಾಗೆ ಇರುವುದು. ಓವರ್‌ಸಿಯರ್ ಓವರ್‌ಲುಕ್ ಮಾಡಿದರೆ ರಸ್ತೆ ಮೊದಲ ಮಳೆಗೇ ಕಿತ್ತುಬರುತ್ತದೆ. (ನಗು, ಚಪ್ಪಾಳೆ)

ಇನ್ನು ಕೆಲವು ದೊಡ್ಡ ಪದಗಳು. ಅಬ್ಸರ್ವ್, ಇನ್‌ಸ್ಪೆಕ್ಟ್, ಪರ್ಸೀವ್. ಇವು ಇಂಗ್ಲಿಷಿನ ಮೂಲ ಮನೆಯವಲ್ಲ. 1066ರಲ್ಲಿ ಫ್ರಾನ್ಸಿನ ನಾರ್ಮಂಡಿಯ ದೊರೆ ಇಂಗ್ಲೆಂಡನ್ನು ಗೆದ್ದ. ಅಲ್ಲಿಂದ ಮುಂದೆ ಅರಮನೆ, ನ್ಯಾಯಾಲಯಗಳ ಮಾತು ಫ್ರೆಂಚ್ ಆಯಿತು, ವಿದ್ವಾಂಸರ ಮಾತು ಲ್ಯಾಟಿನ್ ಆಗಿತ್ತು. ಹೊಲಮನೆಯ ಜನ ಮಾತ್ರ ಸೀ, ಲುಕ್, ವಾಚ್ ಎಂದೇ ಬದುಕಿದರು. ನಮ್ಮಲ್ಲಿ ಅಚ್ಚಗನ್ನಡದ ‘ನೋಡು’ ಮನೆಯಲ್ಲಿದ್ದು, ಸಂಸ್ಕೃತದ ‘ವೀಕ್ಷಿಸು’, ‘ಪರಿಶೀಲಿಸು’ ಕಚೇರಿ ಕಾಗದದಲ್ಲಿ ಇರುವ ಹಾಗೆ. ‘ನಿನ್ನೆ ರಾತ್ರಿ ನಾಟಕ ವೀಕ್ಷಿಸಿದೆ’ ಎಂದು ಯಾರಾದರೂ ಅರಳಿಕಟ್ಟೆಯ ಮೇಲೆ ಹೇಳಿದರೆ ನಾವು ಮುಖ ಮುಖ ನೋಡಿಕೊಳ್ಳುತ್ತೇವೆ. ಇಂಗ್ಲಿಷಿನಲ್ಲೂ ಅಷ್ಟೇ. ದೊಡ್ಡ ಪದ ಹಾಕಿದರೆ ಇಂಗ್ಲಿಷ್ ದೊಡ್ಡದಾಗುತ್ತದೆ ಎಂದು ಮಕ್ಕಳು ತಿಳಿಯಬಾರದು. ಜಾಗ ನೋಡಿ ಪದ ಹಾಕಬೇಕು.

ಆದರೂ ಈ ದೊಡ್ಡ ಪದಗಳಲ್ಲಿ ನಮಗೊಂದು ಅನುಕೂಲ ಇದೆ. ಲ್ಯಾಟಿನ್ನಿನಲ್ಲಿ ನೋಡುವುದಕ್ಕೆ ‘ಸ್ಪೆಕ್’ ಎಂಬ ಧಾತು. ಸಂಸ್ಕೃತದಲ್ಲಿ ‘ಈಕ್ಷ್’. ಎರಡಕ್ಕೂ ಮುಂದೆ ಉಪಸರ್ಗ ಅಂಟಿಸಿದ್ದಾರೆ. ಇನ್‌ಸ್ಪೆಕ್ಟರ್ ಒಳಹೊಕ್ಕು ನೋಡುವವನು. ಅವನನ್ನು ನಾವು ನಿರೀಕ್ಷಕ ಅನ್ನುತ್ತೇವೆ. ನಾಡಕಚೇರಿಯಲ್ಲಿ ಕಂದಾಯ ನಿರೀಕ್ಷಕರು ಇದ್ದಾರಲ್ಲ, ಅವರೇ. ಸ್ಪೆಕ್ಟೇಟರ್ ಅಂದರೆ ಪ್ರೇಕ್ಷಕ. ಎಕ್ಸ್‌ಪೆಕ್ಟ್ ಅಂದರೆ ಹೊರಗೆ ನೋಡುವುದು, ನಮ್ಮ ನಿರೀಕ್ಷೆ, ನಮ್ಮ ಎದುರುನೋಟ. ಸಸ್ಪೆಕ್ಟ್ ಅಂದರೆ ಕೆಳಗಿನಿಂದ ಕಳ್ಳಗಣ್ಣಲ್ಲಿ ನೋಡುವುದು, ಅನುಮಾನ. ರೆಸ್ಪೆಕ್ಟ್ ಅಂದರೆ ತಿರುಗಿ ನೋಡುವುದು, ಯಾರನ್ನು ದಾಟಿ ಹೋದಮೇಲೂ ತಿರುಗಿ ನೋಡಬೇಕೆನಿಸುತ್ತದೋ ಅವರಿಗೆ ಸಲ್ಲುವ ಗೌರವ. ನಮ್ಮ ಕಡೆ ‘ಸಮೀಕ್ಷೆ’ ಒಟ್ಟಾಗಿ ನೋಡುವುದು, ‘ಉಪೇಕ್ಷೆ’ ನೋಡಿಯೂ ಬಿಡುವುದು. ಮಕ್ಕಳು ಹೆದರುವ ‘ಪರೀಕ್ಷೆ’ ಇದೆಯಲ್ಲ, ಅದರ ಮೂಲ ಅರ್ಥ ಸುತ್ತಲೂ ನೋಡುವುದು ಅಂತ. (ಮಕ್ಕಳ ನಗು) ನಗಬೇಡಿ, ಪಕ್ಕದವನ ಪೇಪರನ್ನು ಅಂತ ಅಲ್ಲ! ‘ಸಾಕ್ಷಿ’ ಪದದೊಳಗೆ ಅಕ್ಷಿ, ಅಂದರೆ ಕಣ್ಣು ಇದೆ. ಇಂಗ್ಲಿಷಿನ ‘ವಿಟ್ನೆಸ್’ ಒಳಗೆ ‘ವಿಟ್’, ಅಂದರೆ ಅರಿವು ಇದೆ. ನಾವು ಕಂಡವನನ್ನು ಸಾಕ್ಷಿ ಅಂದೆವು, ಅವರು ಬಲ್ಲವನನ್ನು ಅಂದರು.

ಇಷ್ಟು ಸೂಕ್ಷ್ಮವಾಗಿ ಪದಗಳನ್ನು ನೋಡುವ ಅಭ್ಯಾಸ ಹೊಸದಲ್ಲ. ಪರ್ಯಾಯ ಪದಗಳನ್ನು ಅಕಾರಾದಿಯಾಗಿ ಇಡದೆ ವಿಷಯಾನುಸಾರ ಜೋಡಿಸಿದ ‘ಅಮರಕೋಶ’ವನ್ನು ನಮ್ಮ ಹಿಂದಿನವರು ಬಾಯಿಪಾಠ ಮಾಡುತ್ತಿದ್ದರು. 1852ರಲ್ಲಿ ಇಂಗ್ಲೆಂಡಿನ ವೈದ್ಯ ಪೀಟರ್ ಮಾರ್ಕ್ ರೋಜೆ ತಮ್ಮ ‘ಥಿಸಾರಸ್’ ಪ್ರಕಟಿಸಿದರು. ಅದೂ ವಿಷಯಾನುಸಾರ ಜೋಡಿಸಿದ ಪದಕೋಶ. ತಮ್ಮದಕ್ಕೆ ಹೋಲುವ ಹಳೆಯ ಪ್ರಯತ್ನವೆಂದು ಅವರು ಅದರ ಪೀಠಿಕೆಯಲ್ಲಿ ನಮ್ಮ ಅಮರಕೋಶವನ್ನು ಹೆಸರಿಸಿದ್ದಾರೆ. ಇನ್ನು ಜರ್ಮನಿಯಿಂದ ಬಂದ ಫರ್ಡಿನೆಂಡ್ ಕಿಟೆಲ್. 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಅವರ ಕನ್ನಡ-ಇಂಗ್ಲಿಷ್ ನಿಘಂಟನ್ನು ತೆರೆದರೆ, ಒಂದು ಪದಕ್ಕೆ ಒಂದೇ ಅರ್ಥ ಬರೆದು ಮುಗಿಸಿರುವುದು ಕಡಿಮೆ. ಕಾವ್ಯದ ಬಳಕೆ, ಜನರ ಗಾದೆ ಎಲ್ಲವನ್ನೂ ಎತ್ತಿ ಕೊಟ್ಟಿದ್ದಾರೆ. ಪರಭಾಷೆಯನ್ನು ಕಲಿಯಬೇಕಾದರೆ ಪದ ಬದುಕುವ ಜಾಗಕ್ಕೇ ಹೋಗಬೇಕೆಂದು ಅವರಿಗೆ ಗೊತ್ತಿತ್ತು. ಅವರು ಕನ್ನಡಕ್ಕೆ ಮಾಡಿದ್ದನ್ನು ನಾವು ಇಂಗ್ಲಿಷಿಗೆ ಮಾಡಬಾರದೇಕೆ?

ಕೊನೆಗೆ ಮೂರು ವಿನಂತಿ.

ಮಕ್ಕಳೇ, ನೋಟ್ಸಿನಲ್ಲಿ ಅರ್ಥ ಬರೆದುಕೊಳ್ಳಿ, ಬೇಡ ಅನ್ನುವುದಿಲ್ಲ. ಅರ್ಥದ ಪಕ್ಕದಲ್ಲಿ ಒಂದು ವಾಕ್ಯವನ್ನೂ ಬರೆಯಿರಿ. ಆ ವಾಕ್ಯ ನಿಮ್ಮ ಮನೆಯದೋ ಹೊಲದ್ದೋ ಆಗಿರಲಿ. ‘ವಾಚ್ ದಿ ಮಿಲ್ಕ್’ ಎಂದು ಬರೆದುಕೊಂಡವನು ವಾಚ್ ಪದವನ್ನು ಮರೆಯುವುದಿಲ್ಲ. ಮರೆತರೆ ಹಾಲು ಉಕ್ಕುತ್ತದೆ.

ಶಿಕ್ಷಕ ಬಂಧುಗಳೇ, ವಾರಕ್ಕೆ ಒಂದು ಪದ ಸಾಕು. ಒಂದು ಕ್ರಿಯಾಪದವನ್ನು ಕರಿಹಲಗೆಯ ಮೇಲೆ ಬರೆದು, ಇದಕ್ಕೆ ನಿಮ್ಮ ಮನೆಯಲ್ಲಿ ಏನೇನು ಅನ್ನುತ್ತಾರೆ ಎಂದು ಕೇಳಿ. ‘ಕಟ್’ ಎಂದು ಬರೆದು ನೋಡಿ. ತರಕಾರಿ ಹೆಚ್ಚುವುದು, ಪೈರು ಕೊಯ್ಯುವುದು, ಮರ ಕಡಿಯುವುದು, ಸೌದೆ ಸೀಳುವುದು, ಬಟ್ಟೆ ಕತ್ತರಿಸುವುದು ಎಂದು ಮಕ್ಕಳೇ ಹೇಳುತ್ತಾರೆ. ಇಂಗ್ಲಿಷ್ ತರಗತಿಯಲ್ಲಿ ಎಂದೂ ಬಾಯಿ ಬಿಡದ ಮಗುವೇ ಆ ದಿನ ಮೊದಲು ಕೈ ಎತ್ತುತ್ತದೆ. ತನಗೆ ಗೊತ್ತಿರುವುದಕ್ಕೆ ಇಲ್ಲಿ ಬೆಲೆ ಇದೆ ಎಂದು ಒಮ್ಮೆ ಅನ್ನಿಸಿದರೆ, ಗೊತ್ತಿಲ್ಲದ್ದನ್ನು ಕಲಿಯಲು ಆ ಮಗು ಹೆದರುವುದಿಲ್ಲ.

ಊರಿನ ತಂದೆ ತಾಯಂದಿರೇ, ನಿಮ್ಮಲ್ಲಿ ಅನೇಕರು ಮಕ್ಕಳ ಇಂಗ್ಲಿಷಿಗಾಗಿ ಬೆಳಗ್ಗೆ ಏಳು ಗಂಟೆಗೇ ಅವರನ್ನು ವ್ಯಾನು ಹತ್ತಿಸಿ ಪಟ್ಟಣಕ್ಕೆ ಕಳಿಸುತ್ತಿದ್ದೀರಿ. ನಿಮ್ಮ ಆಸೆ ತಪ್ಪಲ್ಲ, ಇಂಗ್ಲಿಷ್ ಬೇಕು. ಮಕ್ಕಳು ಎಲ್ಲಿಯೇ ಓದಲಿ, ಒಂದು ಮಾತು ನೆನಪಿರಲಿ. ಕನ್ನಡ ಮರೆತರೆ ಇಂಗ್ಲಿಷ್ ಬೇಗ ಬರುತ್ತದೆ ಎಂಬುದು ನಿಜವಲ್ಲ. ಇಣುಕು, ದಿಟ್ಟಿಸು, ದುರುಗುಟ್ಟು, ಕಣ್ಣು ಹಾಯಿಸು ಎಂಬ ಮಾತುಗಳನ್ನು ಕೇಳದೆ ಬೆಳೆದ ಮಗುವಿಗೆ ಪೀಪ್, ಸ್ಟೇರ್, ಗ್ಲೇರ್, ಗ್ಲಾನ್ಸ್ ಬರಿಯ ಸ್ಪೆಲಿಂಗ್ ಆಗಿ ಉಳಿಯುತ್ತವೆ. ಸಂಜೆ ಮನೆಯಲ್ಲಿ ಮಕ್ಕಳ ಜೊತೆ ಮಾತಾಡಿ. ಅಜ್ಜ ಅಜ್ಜಿಯರ ಜೊತೆ ಕೂರಿಸಿ. ಅದಕ್ಕೆ ಫೀಸು ಇಲ್ಲ. ಆಮೇಲೆ, ಐವತ್ತು ವರ್ಷದಿಂದ ನಿಮ್ಮನ್ನೂ ನನ್ನನ್ನೂ ಓದಿಸಿದ ಈ ಶಾಲೆಯನ್ನು ಒಮ್ಮೆ ಒಳಗೆ ಬಂದು ನೋಡಿ. ಕೊಠಡಿ ಹೇಗಿದೆ, ಮೇಷ್ಟ್ರು ಎಷ್ಟಿದ್ದಾರೆ, ಏನು ಬೇಕಾಗಿದೆ ಎಂದು ಕೇಳಿ. ಉಪೇಕ್ಷೆ ಮಾಡಬೇಡಿ ಎಂದಷ್ಟೇ ನನ್ನ ಪ್ರಾರ್ಥನೆ.